ಜೋರಾಗಿ ಕೇಳೋದು ಬೇರೆ, ಸರಿಯಾಗಿ ಕೇಳೋದು ಬೇರೆ

ಬಹಳ ದಿನದಿಂದ ಈ ಕಡೆ ತಲೆ ಹಾಕಿರಲಿಲ್ಲ. ಬರೆಯೋದಕ್ಕೆ ವಿಷಯ ಇರಲಿಲ್ಲ ಅಂತಲ್ಲ, ಸೋಮಾರಿತನ ಅಷ್ಟೆ. ಮೊನ್ನೆ ಎಮ್ಮಿಗನೂರಿಗೆ ಹೋಗಿ ಬಂದೆ. ಮಾವನ ಮನೆಯ ಪಡಸಾಲೆಯಲ್ಲಿ ಕೂತು ಒಗ್ಗರಣೆ-ಮಿರ್ಚಿ ತಿನ್ನುತ್ತಾ ಅವನ ಹಳೇ ರೇಡಿಯೋ ಕೇಳ್ತಾ ಇದ್ದಾಗ, ಇದನ್ನು ಬರೆದೇ ಬಿಡಬೇಕು ಅನ್ನಿಸಿತು. ಇದರಲ್ಲಿ ನನ್ನ ತಪ್ಪೊಂದರ ಒಪ್ಪಿಗೆಯೂ ಇದೆ, ಸ್ವಲ್ಪ ಉಪದೇಶವೂ ಇದೆ. ಉಪದೇಶ ಬೇಡ ಅನ್ನುವವರು ಅರ್ಧಕ್ಕೇ ಎದ್ದು ಹೋಗಬಹುದು :-)

ಮೊದಲು ತಪ್ಪಿನ ಕಥೆ.

ಮಾವನಿಗೆ ಹೊಳೆ ದಂಡೆಯಲ್ಲಿ ಎರಡು ಎಕರೆ ಭತ್ತದ ಗದ್ದೆ ಇದೆ. ಹೊಳೆ ಅಂದರೆ ತುಂಗಭದ್ರೆ. ಹೊಸಪೇಟೆ ಡ್ಯಾಮಿನಲ್ಲಿ ಗೇಟು ಎತ್ತಿದರೆ ಕೆಳಗಿನ ಕಂಪ್ಲಿ ಕಡೆ ಮಂದಿಗೆ ಅದು ಬರೀ ಸುದ್ದಿ ಅಲ್ಲ. ಪಂಪ್‌ಸೆಟ್ ಮೇಲೆ ತರಬೇಕಾ, ದನ ಬಿಚ್ಚಿ ತರಬೇಕಾ, ಕಂಪ್ಲಿ-ಗಂಗಾವತಿ ಸೇತುವೆ ಮೇಲೆ ನಾಳೆ ಓಡಾಡಬಹುದಾ ಇಲ್ಲವಾ, ಎಲ್ಲಾ ಆ ಒಂದು ಅಂಕಿ ಮೇಲೆ ನಿಂತಿರುತ್ತೆ. ‘ಇಷ್ಟು ಸಾವಿರ ಕ್ಯೂಸೆಕ್ ನೀರು ಹೊರಬಿಡಲಾಗಿದೆ’ ಅನ್ನೋ ಒಂದು ವಾಕ್ಯ. ಮಾವನಿಗೆ ಅದು ತಲುಪೋದು ಗದ್ದೆ ಗುಡಿಸಲಿನ ಮೊಳೆಗೆ ನೇತಾಡುವ ಒಂದು ಅಂಗೈಯಗಲದ ರೇಡಿಯೋದಿಂದ.

ಆ ರೇಡಿಯೋ ಕೀರಲು ದನಿಯದು. ನಾನು ಬೆಂಗಳೂರಿನಲ್ಲಿ ಓದಿ ಬಂದ ಅಳಿಯ, ಎಲೆಕ್ಟ್ರಾನಿಕ್ಸ್ ಬೇರೆ. ಸುಮ್ಮನಿರೋಕಾಗುತ್ತಾ? ಒಂದು ಮಳೆಗಾಲದಲ್ಲಿ ಊರಿಗೆ ಹೋದವನು ಅದಕ್ಕೊಂದು ದೊಡ್ಡ ಡಬ್ಬಿ ಸ್ಪೀಕರ್ ತಂದು ಜೋಡಿಸಿದೆ. ಆಟೋದವರು ಹಾಕಿಸ್ತಾರಲ್ಲ, ಅಂಥದ್ದು. ‘ಧಂ ಧಂ’ ಅಂತ ಎದೆ ನಡುಗಿಸೋ ದನಿ. ಹಾಡು ಹಾಕಿದರೆ ಪಕ್ಕದ ಗದ್ದೆಯವರೂ ತಲೆಯಾಡಿಸಿದರು. ಮಾವನಿಗೂ ಖುಷಿ. ‘ಏನಲೇ ಅಳಿಯಾ, ಸಿನಿಮಾ ಟಾಕೀಸ್ ಮಾಡಿಬಿಟ್ಟಿಯಲ್ಲೋ’ ಅಂದ. ನಾನು ಮೀಸೆ ತಿರುವಿಕೊಂಡು ಬೆಂಗಳೂರು ಬಸ್ಸು ಹತ್ತಿದೆ.

ಹದಿನೈದು ದಿನಕ್ಕೆ ಫೋನು ಬಂತು. ಮೋಟರು ಹೊಳೆ ಪಾಲಾಗಿತ್ತು. ರೇಡಿಯೋದಲ್ಲಿ ಹೇಳಿದ್ದು ಎಪ್ಪತ್ತು ಸಾವಿರ, ಮಾವ ಕೇಳಿಸಿಕೊಂಡಿದ್ದು ಇಪ್ಪತ್ತು ಸಾವಿರ. ಇಪ್ಪತ್ತಾದರೆ ಮೋಟರಿನ ಕಟ್ಟೆವರೆಗೆ ನೀರು ಬರಲ್ಲ ಅಂತ ಅವನ ಲೆಕ್ಕ. ಅವನ ಲೆಕ್ಕ ಸರಿಯಾಗೇ ಇತ್ತು, ಕಿವಿಗೆ ಬಿದ್ದ ಅಂಕಿ ಮಾತ್ರ ತಪ್ಪು. ‘ಜೋರಾಗೇ ಇಟ್ಟಿದ್ನಲ್ಲೋ, ಫುಲ್ ವಾಲ್ಯೂಮು’ ಅಂತ ಮಾವ ಮತ್ತೆ ಮತ್ತೆ ಅಂದ. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಓದಿದವರು ಹೇಳುವ ಪಾಠವನ್ನು ನಾನು ಓದಿಯೂ ಮರೆತಿದ್ದೆ. ಮಾತಿನಲ್ಲಿ ಬಲ ಇರೋದು ಸ್ವರಗಳಲ್ಲಿ, ಅರ್ಥ ಇರೋದು ಬಹುಪಾಲು ವ್ಯಂಜನಗಳಲ್ಲಿ. ಅ, ಆ, ಓ ಅನ್ನೋ ಸ್ವರಗಳು ತಗ್ಗಿನ ಕಂಪನದಲ್ಲಿ ತುಂಬಿಕೊಂಡು ಬರ್ತವೆ. ತ, ಪ, ಕ, ಸ ಇವೆಲ್ಲ ಒಂದು ಕ್ಷಣ ಚಿಟಿಕೆ ಹೊಡೆದು ಹೋಗ್ತವೆ, ಅದೂ 1000 ಹರ್ಟ್ಸ್‌ನಿಂದ 4000 ಹರ್ಟ್ಸ್ ಸುತ್ತಮುತ್ತ ಮತ್ತು ಅದರ ಮೇಲೆ. ಈಗ ನಮ್ಮ ಅಂಕಿಗಳನ್ನು ನೋಡಿ. ಎಂಬತ್ತು ಮತ್ತು ತೊಂಬತ್ತು, ಬಾಲ ಒಂದೇ, ತಲೆ ಮಾತ್ರ ಬೇರೆ. ಇಪ್ಪತ್ತು ಮತ್ತು ಎಪ್ಪತ್ತು, ವ್ಯತ್ಯಾಸ ಇರೋದು ಒಂದೇ ಸ್ವರದಲ್ಲಿ. ಅಲ್ಲೂ ‘ಇ’ ಮತ್ತು ‘ಎ’ಗಳನ್ನು ಕಿವಿ ಬೇರ್ಪಡಿಸೋದಕ್ಕೆ 2000 ಹರ್ಟ್ಸ್ ಆಸುಪಾಸಿನ ಭಾಗ ಬೇಕು. ತಗ್ಗಿನ ‘ಧಂ’ ಶಬ್ದ ಜೋರಾದಷ್ಟೂ ಅದು ಮೇಲಿನ ಸಣ್ಣ ದನಿಗಳನ್ನು ಕಿವಿಯೊಳಗೇ ಮುಚ್ಚಿಬಿಡುತ್ತೆ. ವಾಲ್ಯೂಮು ಏರಿಸಿದರೆ ಮುಚ್ಚೋ ಶಬ್ದವೂ ಏರುತ್ತೆ, ಆದ್ದರಿಂದ ಪ್ರಯೋಜನ ಇಲ್ಲ. ಅದರ ಮೇಲೆ ವಯಸ್ಸಾದವರ ಕಿವಿ ಮೊದಲು ಕಳೆದುಕೊಳ್ಳೋದು ಆ ಮೇಲಿನ ಕಂಪನಗಳನ್ನೇ. ಜೀವಮಾನವಿಡೀ ಟ್ರ್ಯಾಕ್ಟರಿನ ಮೇಲೆ ಕೂತವರಿಗಂತೂ ಕೇಳೋದೇ ಬೇಡ.

ಟೆಲಿಫೋನಿನವರು ಇದನ್ನು ಎಷ್ಟೋ ದಶಕದ ಹಿಂದೆ ಕಂಡುಕೊಂಡಿದ್ದರು. 300ರಿಂದ 3400 ಹರ್ಟ್ಸ್‌ವರೆಗೆ ಕಳಿಸಿದರೆ ಸಾಕು, ಮಾತು ಅರ್ಥ ಆಗುತ್ತೆ ಅಂತ. ಹಳೇ ಟ್ರಂಕ್ ಕಾಲ್‌ನಲ್ಲಿ ಸಂಗೀತ ಕೇಳೋಕೆ ಆಗ್ತಿರಲಿಲ್ಲ, ಆದರೆ ‘ಅಜ್ಜಿ ತೀರಿಕೊಂಡಳು’ ಅಂದದ್ದು ಯಾರಿಗೂ ತಪ್ಪಾಗಿ ಕೇಳಿಸಲಿಲ್ಲ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ಕೈಯಲ್ಲಿ ಹಿಡಿಯೋ ರೇಡಿಯೋ ಯಾವುದೇ ಆಗಿರಲಿ, ಅದರ ದನಿ ‘ಸುಧಾರಿಸೋದು’ ಅಂದರೆ ದನಿಯನ್ನು ದಪ್ಪ ಮಾಡೋದಲ್ಲ, ಜೋರು ಮಾಡೋದೂ ಅಲ್ಲ. ಮಾತು ಬಿಡಿಸಿ ಕೇಳೋ ಹಾಗೆ ಮಾಡೋದು. ಅದಕ್ಕೆ ಬೇಕಾದ ಖರ್ಚು ಹೊಸ ಸೆಟ್ಟಿನ ಬೆಲೆಯ ಹತ್ತನೇ ಒಂದು ಭಾಗವೂ ಇಲ್ಲ. ಅಂಗಡಿಯವರು ಇದನ್ನು ಹೇಳಲ್ಲ, ಯಾಕಂದರೆ ಹೇಳಿದರೆ ವ್ಯಾಪಾರ ಆಗಲ್ಲ.

ಮಾವನ ರೇಡಿಯೋಗೆ ನಾನು ಆಮೇಲೆ ಏನೇನು ಮಾಡಿದೆ ಅಂತ ಹೇಳ್ತೀನಿ. ನಿಮ್ಮ ಮನೆಯಲ್ಲೂ ಅಪ್ಪನದೋ ಅಜ್ಜನದೋ ಒಂದು ಸೆಟ್ಟು ಇದ್ದೇ ಇರುತ್ತೆ.

ಮೊದಲನೆಯದು ಸೆಲ್ಲು. ಅರ್ಧ ಸತ್ತ ಸೆಲ್ಲಿನಲ್ಲಿ ರೇಡಿಯೋ ಹಾಡುತ್ತೆ, ಆದರೆ ದನಿ ಏರಿದ ಕಡೆಯೆಲ್ಲ ಒಡೆಯುತ್ತೆ. ಅಕ್ಷರದ ತಲೆ ಕತ್ತರಿಸಿ ಹೋಗುತ್ತೆ. ನಾವು ‘ಸ್ಟೇಷನ್ ಸರಿ ಬರ್ತಿಲ್ಲ’ ಅಂತೀವಿ. ಸೆಲ್ಲು ಬದಲಾಯಿಸಿ ನೋಡಿ, ಅರ್ಧ ದೂರು ಅಲ್ಲೇ ಮುಗಿಯುತ್ತೆ. ಕರೆಂಟಿನ ಅಡಾಪ್ಟರ್ ಹಾಕೋರಿಗೆ ಇನ್ನೊಂದು ಕಾಟ: ಅಗ್ಗದ ಟ್ರಾನ್ಸ್‌ಫಾರ್ಮರ್ ಎಲಿಮಿನೇಟರ್ ಆದರೆ 100 ಹರ್ಟ್ಸ್‌ನ ‘ಗುಂಯ್’ ಸೇರಿಕೊಳ್ಳುತ್ತೆ, ಮೊಬೈಲ್ ಚಾರ್ಜರ್ ಥರದ್ದಾದರೆ ‘ಜರ್’ ಅನ್ನೋ ಗಲಾಟೆ. ಸುದ್ದಿ ಕೇಳುವ ಹತ್ತು ನಿಮಿಷ ಸೆಲ್ಲಿನಲ್ಲೇ ಕೇಳೋದು ವಾಸಿ.

ಎರಡನೆಯದು ಏರಿಯಲ್ಲು. ನಮ್ಮ ಕಡೆ ಆಕಾಶವಾಣಿ ಹೊಸಪೇಟೆ 100.5 ಮೆಗಾಹರ್ಟ್ಸ್‌ನಲ್ಲಿ ಬರುತ್ತೆ. ಎಮ್ಮಿಗನೂರಿಗೂ ಹೊಸಪೇಟೆಗೂ ಅಂಥಾ ದೂರವೇನಿಲ್ಲ, ಆದರೆ ನಡುವೆ ಹಂಪಿ-ದರೋಜಿ ಕಡೆಯ ಬಂಡೆಗುಡ್ಡಗಳು. ಎಫ್‌ಎಂ ಅಲೆ ಬೆಳಕಿನ ಹಾಗೆ, ಗುಡ್ಡದ ಹಿಂದೆ ನೆರಳು ಬೀಳುತ್ತೆ. 100.5ಕ್ಕೆ ಕಾಲು ತರಂಗದ ಉದ್ದ ಲೆಕ್ಕ ಹಾಕಿದರೆ ಸುಮಾರು 75 ಸೆಂಟಿಮೀಟರ್. ಮುರಿದ ಕಡ್ಡಿಯ ಬುಡಕ್ಕೆ ಅಷ್ಟುದ್ದದ ಸಾದಾ ವೈರು ಸಿಕ್ಕಿಸಿ ಗುಡಿಸಲಿನ ಜಂತಿಗೆ ನೆಟ್ಟಗೆ ಕಟ್ಟಿದರೆ ಸಾಕು. ಮೊಬೈಲಿನಲ್ಲಿ ಎಫ್‌ಎಂ ಕೇಳುವಾಗ ಇಯರ್‌ಫೋನ್ ವೈರೇ ಏರಿಯಲ್ಲು, ಅದನ್ನು ಸುತ್ತಿ ಜೇಬಿಗೆ ಹಾಕಿಕೊಂಡರೆ ಏನೂ ಬರಲ್ಲ. ಮೀಡಿಯಂ ವೇವ್‌ಗೆ ಬೇರೆ ಲೆಕ್ಕ. ಅಲ್ಲಿ ಕಡ್ಡಿ ಎತ್ತಿ ಪ್ರಯೋಜನವಿಲ್ಲ, ಒಳಗಿರುವ ಫೆರೈಟ್ ರಾಡ್ ದಿಕ್ಕು ನೋಡುತ್ತೆ, ಸೆಟ್ಟನ್ನೇ ತಿರುಗಿಸಬೇಕು. ನಮ್ಮಜ್ಜ 765ರ ಧಾರವಾಡ ಹಿಡಿಯೋಕೆ ರೇಡಿಯೋವನ್ನು ಮಗುವಿನ ಥರ ಎತ್ತಿಕೊಂಡು ಅಂಗಳದಲ್ಲಿ ತಿರುಗ್ತಿದ್ದ. ನಾವೆಲ್ಲ ನಗ್ತಿದ್ವಿ. ವಿಜ್ಞಾನ ಅವನ ಕಡೆಗಿತ್ತು.

ಮೂರನೆಯದು ಸ್ಟೀರಿಯೋ. ಸೆಟ್ಟಿನಲ್ಲಿ ಸ್ಟೀರಿಯೋ-ಮೋನೋ ಗುಂಡಿ ಇದ್ದರೆ ಮೋನೋಗೆ ಹಾಕಿ. ಸಿಗ್ನಲ್ ದುರ್ಬಲ ಇದ್ದಾಗ ಸ್ಟೀರಿಯೋ ಬಿಡಿಸೋ ಕೆಲಸದಲ್ಲಿ ‘ಸ್ಸ್‌ಸ್’ ಅನ್ನೋ ಗದ್ದಲ ಹತ್ತಾರು ಪಟ್ಟು ಹೆಚ್ಚುತ್ತೆ. ವಾರ್ತೆ ಓದೋರು ಒಬ್ಬರೇ, ಅವರು ಎಡಗಿವಿಯಿಂದ ಬಲಗಿವಿಗೆ ಓಡಾಡಲ್ಲ :-) ಒಂದೇ ಗುಂಡಿಯಲ್ಲಿ ಇಷ್ಟು ಲಾಭ ಬೇರೆಲ್ಲೂ ಇಲ್ಲ.

ನಾಲ್ಕನೆಯದು, ನನ್ನ ಪಾಪದ ಡಬ್ಬಿ ಸ್ಪೀಕರ್. ಅದನ್ನು ಬಿಸಾಡಲಿಲ್ಲ, ಯಾಕಂದರೆ ಅತ್ತೆಗೆ ಭಕ್ತಿಗೀತೆಗೆ ಬೇಕಂತೆ. ಬದಲಿಗೆ ಅದರ 8 ಓಮ್ ಸ್ಪೀಕರಿನ ಒಂದು ವೈರಿನ ದಾರಿಯಲ್ಲಿ 47 ಮೈಕ್ರೋಫ್ಯಾರಡ್‌ನ ಒಂದು ನಾನ್-ಪೋಲಾರ್ ಕೆಪಾಸಿಟರ್ ಕೂರಿಸಿದೆ. ಸುಮಾರು 400 ಹರ್ಟ್ಸ್‌ಗಿಂತ ಕೆಳಗಿನದು ನಿಧಾನಕ್ಕೆ ಇಳಿದುಹೋಗುತ್ತೆ. ಮಾತಿನ ಮೇಲೆ ಹೊದೆಸಿದ ಕಂಬಳಿ ತೆಗೆದ ಹಾಗೆ. ಡಬ್ಬಿಯೊಳಗೆ ಹಳೇ ದಿಂಬಿನ ಹತ್ತಿ ಸಡಿಲವಾಗಿ ತುಂಬಿದೆ, ಬೋಂಗುಡೋದು ನಿಂತಿತು. ಕೆಪಾಸಿಟರಿಗೆ ಅಡ್ಡಲಾಗಿ ಒಂದು ಸ್ವಿಚ್ಚು. ಅತ್ತೆಗೆ ಹಾಡು, ಮಾವನಿಗೆ ವಾರ್ತೆ. ಸಂಸಾರವೂ ನೆಟ್ಟಗಾಯಿತು.

ಐದನೆಯದು ವಾಲ್ಯೂಮು. ಹೊರಗೆ ಆಂಪ್ಲಿಫಯರ್ ಸ್ಪೀಕರ್ ಹಾಕುವಾಗ ರೇಡಿಯೋದ ವಾಲ್ಯೂಮನ್ನು ಅರ್ಧಕ್ಕೇ ಇಟ್ಟು, ಉಳಿದದ್ದನ್ನು ಹೊರಗಿನದರಲ್ಲಿ ಏರಿಸಬೇಕು. ಒಳಗೇ ಪೂರ್ತಿ ತಿರುಗಿಸಿದರೆ ಪುಟ್ಟ ಚಿಪ್ಪು ಉಸಿರು ಕಟ್ಟಿ ಒಡಕು ದನಿ ಕೊಡುತ್ತೆ, ಆ ಒಡಕನ್ನೇ ನಾವು ಹೊರಗೆ ದೊಡ್ಡದು ಮಾಡಿ ಕೇಳ್ತೀವಿ. ಹಾಗೇ ಜಾಕ್ ಬಗ್ಗೆ ಒಂದು ಮಾತು. ಮೋನೋ ಸಾಕೆಟ್ಟಿಗೆ ಸ್ಟೀರಿಯೋ ಇಯರ್‌ಫೋನ್ ಸಿಕ್ಕಿಸಿದರೆ ಒಂದೇ ಕಿವಿಗೆ ಕೇಳುತ್ತೆ. ಇಯರ್‌ಫೋನ್ ಕೆಟ್ಟಿದೆ ಅಂತ ಎಷ್ಟು ಜನ ಎಸೆದಿದ್ದಾರೋ!

ವಿದೇಶದಿಂದ ಸೆಟ್ಟು ತರಿಸೋರಿಗೆ ಒಂದು ಸಣ್ಣ ಕಿವಿಮಾತು. ಎಫ್‌ಎಂನಲ್ಲಿ ಕಳಿಸುವಾಗ ಮೇಲಿನ ಕಂಪನಗಳನ್ನು ಸ್ವಲ್ಪ ಎತ್ತಿ ಕಳಿಸ್ತಾರೆ, ಕೇಳೋ ಸೆಟ್ಟು ಅದನ್ನು ಅಷ್ಟೇ ಇಳಿಸಬೇಕು, ಜೊತೆಗೆ ಗದ್ದಲವೂ ಇಳಿಯುತ್ತೆ. ನಮ್ಮಲ್ಲಿ ಆ ಅಳತೆ 50 ಮೈಕ್ರೋಸೆಕೆಂಡು, ಅಮೆರಿಕದಲ್ಲಿ 75. ಅಲ್ಲಿನ ಸೆಟ್ಟು ಇಲ್ಲಿ ಹಾಡಿದರೆ ಮೇಲಿನದು ಅಗತ್ಯಕ್ಕಿಂತ ಜಾಸ್ತಿ ಇಳಿದು ದನಿ ತುಸು ಮಂಕಾಗುತ್ತೆ. ಅಮೆರಿಕದ ಮಗ ಕಳಿಸಿದ ದುಬಾರಿ ರೇಡಿಯೋ ಯಾಕೋ ಮಸುಕು ಅನ್ನೋ ಅಪ್ಪಂದಿರ ದೂರಿನಲ್ಲಿ ಹುರುಳಿದೆ.

ಇನ್ನು ಸ್ಕ್ಯಾನರ್ ಹುಚ್ಚಿನವರ ವಿಷಯ. ಒಂದಾದ ಮೇಲೊಂದು ಫ್ರೀಕ್ವೆನ್ಸಿ ತಡಕುತ್ತಾ, ಯಾರಾದರೂ ಮಾತಾಡಿದ ಕಡೆ ನಿಲ್ಲೋ ಕೈರೇಡಿಯೋ ಅದು. ಹೊರದೇಶಗಳಲ್ಲಿ ವಿಮಾನ, ರೈಲಿನ ಮಾತು ಕೇಳೋ ಹವ್ಯಾಸಿಗಳು ಬಹಳ. ನಮ್ಮಲ್ಲಿ ಅನುಮತಿ ಇಲ್ಲದೆ ಅಂಥಾ ಸೆಟ್ಟು ಇಟ್ಟುಕೊಳ್ಳೋದು 1933ರ ವೈರ್‌ಲೆಸ್ ಕಾಯ್ದೆಯ ಕಾಲದಿಂದಲೂ ತೊಡಕಿನ ಕೆಲಸ, ಪೊಲೀಸರ ಮಾತು ಕದ್ದು ಕೇಳೋದಂತೂ ಬೇಡವೇ ಬೇಡ. ಆಸೆ ಇದ್ದರೆ ಪರೀಕ್ಷೆ ಬರೆದು ಹ್ಯಾಮ್ ಲೈಸೆನ್ಸ್ ತಗೊಳ್ಳಿ, 144ರಿಂದ 146 ಮೆಗಾಹರ್ಟ್ಸ್‌ನಲ್ಲಿ ನೀವೂ ಮಾತಾಡಬಹುದು, ಕೇಳಲೂಬಹುದು. ನನ್ನ ಹ್ಯಾಮ್ ಗೆಳೆಯನೊಬ್ಬನ ಕೈಸೆಟ್ಟಿನದೂ ಇದೇ ಗೋಳು: ‘ದನಿ ಮೆತ್ತಗೆ, ಏನೂ ತಿಳಿಯಲ್ಲ’. ಅಲ್ಲಿ ಕಾರಣ ಬೇರೆ ಇತ್ತು. ಆಕಾಶವಾಣಿ ಎಫ್‌ಎಂ ತನ್ನ ಅಲೆಯನ್ನು 75 ಕಿಲೋಹರ್ಟ್ಸ್‌ನಷ್ಟು ಅಚೀಚೆ ತೂಗುತ್ತೆ. ಕೈಸೆಟ್ಟಿನವರು ತೂಗೋದು ಬರೀ 5 ಅಥವಾ 2.5 ಕಿಲೋಹರ್ಟ್ಸ್. ಸಣ್ಣ ತೂಗಾಟವನ್ನು ಅಗಲ ಸೆಟ್ಟಿಂಗ್‌ನಲ್ಲಿ ಕೇಳಿದರೆ ದನಿ ಪಿಸುಗುಟ್ಟಿದ ಹಾಗೆ, ದೊಡ್ಡದನ್ನು ಕಿರಿದಾದ ಸೆಟ್ಟಿಂಗ್‌ನಲ್ಲಿ ಕೇಳಿದರೆ ಒಡಕು. ಮೆನುವಿನಲ್ಲಿ ಒಂದು ಸಾಲು ಬದಲಾಯಿಸಿದ ಮೇಲೆ ಅವನ ಸೆಟ್ಟು ಮಾತು ಕಲಿಯಿತು. ಅದರ ಹಿಂಬದಿಯ ಪುಟ್ಟ ಸ್ಪೀಕರನ್ನು ಅವನು ಸೊಂಟಕ್ಕೆ ಒತ್ತಿಕೊಂಡು ಕೇಳ್ತಿದ್ದ, ಒಂದು ಸಾದಾ ಇಯರ್‌ಫೋನ್ ಹಾಕಿಸಿದೆ. ಉಳಿದದ್ದೆಲ್ಲ ಮಾವನ ರೇಡಿಯೋದ ಪಾಠವೇ.

ಇಲ್ಲಿ ನಿಮ್ಮಲ್ಲಿ ಕೆಲವರು ನಗ್ತಿರಬಹುದು. ‘ಯಾವ ಕಾಲದಲ್ಲಿದ್ದೀಯೋ, ಮೊಬೈಲಿನಲ್ಲಿ ನ್ಯೂಸ್‌ಆನ್‌ಏರ್ ಆಪ್ ಇದೆ, ಆಕಾಶವಾಣಿಯೇ ಕನ್ನಡಿಯಂತೆ ಸ್ವಚ್ಛವಾಗಿ ಬರುತ್ತೆ’ ಅಂತ. ನಿಜ, ಒಪ್ಪಿದೆ. ನೆಟ್‌ವರ್ಕು, ಕರೆಂಟು ಎರಡೂ ಇದ್ದಾಗ ಆಪ್‌ನ ದನಿಯ ಮುಂದೆ ನನ್ನ ಹತ್ತಿ ತುಂಬಿದ ಡಬ್ಬಿ ಯಾವ ಲೆಕ್ಕಕ್ಕೂ ಇಲ್ಲ. ಆದರೆ ಹೊಳೆ ಏರೋದು ನೆಟ್‌ವರ್ಕು ನೋಡಿಕೊಂಡಲ್ಲ. ಮಳೆಗಾಳಿಗೆ ಕರೆಂಟು ಹೋಗುತ್ತೆ, ಟವರಿನ ಬ್ಯಾಟರಿ ಕೆಲವು ಗಂಟೆ ಎಳೆಯುತ್ತೆ, ಆಮೇಲೆ ಮೊಬೈಲು ಬರೀ ಬ್ಯಾಟರಿ ಲೈಟು. ಎರಡು ಪೆನ್ಸಿಲ್ ಸೆಲ್ಲಿನ ರೇಡಿಯೋ ಆಗಲೂ ದಿನಗಟ್ಟಲೆ ಮಾತಾಡುತ್ತೆ.

ಮೊಬೈಲಿನಲ್ಲೇ ಎಫ್‌ಎಂ ಇದ್ದರೆ ಈ ಜಗಳವೇ ಇರಲಿಲ್ಲ. ಹಿಂದೆ ಸಾವಿರ ರೂಪಾಯಿ ಗುಂಡಿ ಫೋನಿನಲ್ಲೂ ಎಫ್‌ಎಂ ಇರ್ತಿತ್ತು, ಅಂಥಾ ಫೋನಿನಲ್ಲಿ ಇವತ್ತೂ ಇದೆ. ದುಬಾರಿ ಫೋನುಗಳಲ್ಲೇ ಅದನ್ನು ತೆಗೀತಾ ಬಂದರು, ಇಯರ್‌ಫೋನ್ ತೂತನ್ನೂ ಮುಚ್ಚಿದರು. 2023ರಲ್ಲಿ ಕೇಂದ್ರದ ಐಟಿ ಸಚಿವಾಲಯ ಫೋನುಗಳಲ್ಲಿ ಎಫ್‌ಎಂ ಇರಲಿ, ಇರೋದನ್ನು ಮುಚ್ಚಬೇಡಿ ಅಂತ ತಯಾರಕರಿಗೆ ಸಲಹೆ ಕೊಟ್ಟಿತು, ವಿಪತ್ತಿನ ಕಾಲಕ್ಕೆ ಬೇಕು ಅನ್ನೋದೂ ಅದರ ಕಾರಣಗಳಲ್ಲಿ ಒಂದು. ಸಲಹೆ ಅಂದರೆ ಸಲಹೆ, ಕಡ್ಡಾಯ ಅಲ್ಲ. ಕಡ್ಡಾಯ ಆಗಬೇಕು ಅಂತ ನನ್ನ ವಾದ. ಹಾಗೇ ಅಣೆಕಟ್ಟಿನ ನೀರಿನ ಅಂಕಿಯನ್ನು ಎಲ್ಲೇ ಓದಲಿ, ಎರಡು ಸಲ ಓದೋ ರೂಢಿ ಆಗಬೇಕು: ‘ಎಪ್ಪತ್ತು ಸಾವಿರ, ಏಳು ಸೊನ್ನೆ ಸಾವಿರ’ ಅಂತ ಬಿಡಿಸಿ. ವೈರ್‌ಲೆಸ್‌ನಲ್ಲಿ ಮಾತಾಡೋರು ಹೀಗೆ ಅಂಕಿ ಬಿಡಿಸಿ ಹೇಳೋದನ್ನು ಮೊದಲೇ ಕಲೀತಾರೆ. ಇದಕ್ಕೆ ಕಾಸು ಖರ್ಚಿಲ್ಲ, ಎರಡು ಸೆಕೆಂಡು ಸಾಕು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೆಯದು ಚೈನು ತುಂಡಾಗಿ ಕೊಚ್ಚಿಕೊಂಡು ಹೋಯಿತಲ್ಲ, ನಿಮಗೆಲ್ಲ ನೆನಪಿದೆ. ಬೆಳಗಾಗೋದರೊಳಗೆ ನನ್ನ ವಾಟ್ಸಪ್ಪಿನಲ್ಲಿ ಡ್ಯಾಮು ಮೂರು ಸಲ ಒಡೆದಿತ್ತು, ಕಂಪ್ಲಿ ಎರಡು ಸಲ ಮುಳುಗಿತ್ತು! ಗಾಬರಿಯಿಂದ ಮಾವನಿಗೆ ಫೋನು ಮಾಡಿದೆ. ಹಿಂದುಗಡೆ ರೇಡಿಯೋ ಕೇಳಿಸ್ತಿತ್ತು, ಸಣ್ಣ ದನಿಯಲ್ಲಿ, ಆದರೆ ಒಂದೊಂದು ಅಕ್ಷರವೂ ಬಿಡಿಬಿಡಿ. ‘ಡ್ಯಾಮು ಒಡೆದಿಲ್ಲೋ, ಒಂದು ಗೇಟು ಹೋಗೈತೆ. ಉಳಿದ ಗೇಟಿನಾಗೂ ನೀರು ಬಿಡ್ತಾರಂತೆ. ರಾತ್ರಿನೇ ಮೋಟರು ಮ್ಯಾಲೆ ತಂದೀನಿ’ ಅಂದ. ಆಮೇಲೆ ಸ್ವಲ್ಪ ತಡೆದು, ‘ನಿನ್ನ ಹತ್ತಿ ಡಬ್ಬಿ ಕೆಲಸ ಮಾಡ್ತೈತೆ’ ಅಂದ. ಬಿದ್ದುಹೋದ ಮೋಟರಿನ ದುಡ್ಡನ್ನು ಅವನು ನನ್ನ ಹತ್ತಿರ ಯಾವತ್ತೂ ತಗೊಂಡಿರಲಿಲ್ಲ. ಆ ಮಾತಿನಲ್ಲಿ ಸಾಲ ತೀರಿದ ಹಾಗಾಯಿತು.

ಮೊನ್ನೆ ಹೋದಾಗ ನೋಡಿದೆ, ಡಬ್ಬಿಯ ಬಟ್ಟೆ ಇಲಿ ಕಡಿದು ಹತ್ತಿ ಹೊರಗೆ ಬಂದಿದೆ. ದನಿ ಮಾತ್ರ ಹಾಗೇ ಇದೆ. ಇಲಿಗೂ ಬೇಡವಾದ ಬ್ಯಾಂಡು ನಾನು ಕತ್ತರಿಸಿದ್ದೆ ಅನ್ಸುತ್ತೆ :-)

ನಿಮ್ಮ ಮನೆಯ ರೇಡಿಯೋಗೂ ಒಂದು ಪರೀಕ್ಷೆ ಮಾಡಿ ನೋಡಿ. ವಾರ್ತೆ ಬರುವಾಗ ಮನೆಯ ಹಿರಿಯರನ್ನು ಕೂರಿಸಿ, ಅಂಕಿ ಬಂದಾಗಲೆಲ್ಲ ಬರೆದುಕೊಳ್ಳೋಕೆ ಹೇಳಿ, ನೀವೂ ಇಯರ್‌ಫೋನ್ ಹಾಕಿ ಬರೆದುಕೊಳ್ಳಿ. ಕೊನೆಗೆ ಎರಡು ಪಟ್ಟಿ ಹೋಲಿಸಿ. ಎಷ್ಟು ತಪ್ಪಿತು ಅಂತ ಕಾಮೆಂಟಿನಲ್ಲಿ ತಿಳಿಸಿ, ಏನು ರಿಪೇರಿ ಮಾಡಿದಿರಿ ಅಂತಲೂ. ಬೆಸುಗೆ ಹಾಕಲು ಬಾರದವರು ಮೋನೋ ಗುಂಡಿಯಿಂದ ಶುರು ಮಾಡಿ.